ನಾಲಿಗೆಯ ಮೇಲೊಂದು ಉಪ್ಪಿನ ಹರಳು

ನನ್ನ ಹೆಸರು ಶಾಂತಿ. ಇಟ್ಟವರು ನಮ್ಮಜ್ಜಿ, ಹಾಗಾಗಿ ತಪ್ಪು ಅವರದೇ. ಹುಟ್ಟಿದ ಕೂಡಲೇ ಇಡೀ ವಠಾರ ಎದ್ದು ಕೂರುವ ಹಾಗೆ ಕಿರುಚಿದ ಕೂಸಿಗೆ ಯಾರಾದರೂ ಅಂಥ ಹೆಸರಿಡುತ್ತಾರೆಯೇ? ನನ್ನ ಬೆನ್ನಿಗೇ ಹುಟ್ಟಿದ ತಂಗಿಗೆ ಕರುಣ ಅಂತ ಇಟ್ಟರು. ಅವಳು ಹೆಸರಿಗೆ ತಕ್ಕ ಹಾಗೇ ಬೆಳೆದಳು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ. ಈಗ ನನ್ನ ತಲೆಯೆಲ್ಲ ಬೆಳ್ಳಗಾಗಿದೆ, ಮೊಮ್ಮಕ್ಕಳಿದ್ದಾರೆ, ಚರ್ಚಿನ ಸಭೆಗೆ ಹೋದರೆ ಹಿರಿಯಳು ಅಂತ ಮುಂದಿನ ಬೆಂಚು ಬಿಟ್ಟುಕೊಡುತ್ತಾರೆ. ಆದರೂ ಆ ಕಿಚ್ಚು ಆರಿದೆ ಅಂದರೆ ಸುಳ್ಳಾಗುತ್ತದೆ. ಸುಳ್ಳು ಹೇಳಿದ ಬಾಯಿಗೆ ನಮ್ಮ ಮನೆಯಲ್ಲಿ ಏನು ಬೀಳುತ್ತಿತ್ತು ಅಂತ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ಮೈಸೂರಿನ ನಜರ್‌ಬಾದಿನ ಒಂದು ವಠಾರದಲ್ಲಿತ್ತು. ಮೂರು ಕೋಣೆ, ಒಂದರ ಹಿಂದೆ ಒಂದು. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ನೀರಿನ ತೊಟ್ಟಿ ಕಾಣುತ್ತಿತ್ತು. ಮುಂದಿನ ಕೋಣೆಯಲ್ಲಿ ಅಪ್ಪನ ಸೈಕಲ್ಲು, ಒಂದು ಬೆಂಚು, ಗೋಡೆಯ ಮೇಲೆ ದಿನಕ್ಕೊಂದು ಬೈಬಲ್ ವಾಕ್ಯವಿರುವ ಕ್ಯಾಲೆಂಡರು. ನಡುಮನೆಯಲ್ಲಿ ಅಜ್ಜಿಯ ಮಂಚ. ಅದರಾಚೆ ಅಡುಗೆಮನೆ, ಅಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಒಂದು ಪಿಂಗಾಣಿ ಜಾಡಿ. ಮೇಲರ್ಧ ಕಂದು, ಕೆಳಗರ್ಧ ಬಿಳಿ, ಮುಚ್ಚಳ ಮರದ್ದು, ಒಳಗೆ ಕಲ್ಲುಪ್ಪು. ಅಪ್ಪ ರೈಲ್ವೆ ವರ್ಕ್‌ಶಾಪಿಗೆ, ಅಮ್ಮ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಹೊರಟ ಮೇಲೆ ಇಡೀ ಮನೆ ಅಜ್ಜಿಯದು. ಅವರು ಅಪ್ಪನ ತಾಯಿ, ಹೆಸರು ಜ್ಞಾನಮ್ಮ. ಕ್ರೈಸ್ತರ ಮಾತಿಗೆ ಉಪ್ಪಿನ ಹದವಿರಬೇಕು ಅನ್ನುವ ಅರ್ಥದ ವಾಕ್ಯವೊಂದನ್ನು ಅವರು ಯಾವಾಗಲೋ ಸಭೆಯಲ್ಲಿ ಕೇಳಿಸಿಕೊಂಡಿದ್ದರು. ಮನೆಗೆ ಬಂದವರೇ ನಿಜವಾದ ಉಪ್ಪನ್ನೇ ಹಾಕಲು ಶುರುಮಾಡಿಬಿಟ್ಟರು. ನಮ್ಮ ಬಾಯಲ್ಲಿ ಸುಳ್ಳು, ಚಾಡಿ, ಬೈಗುಳ ಏನೇ ಬರಲಿ, ಗೂಡಿನಿಂದ ಜಾಡಿ ಕೆಳಗಿಳಿಯುತ್ತಿತ್ತು.

"ಬಾ ಇಲ್ಲಿ. ನಾಲ್ಗೆ ಚಾಚು."

ಒಂದು ಕೈಯಲ್ಲಿ ನನ್ನ ಗಲ್ಲ ಹಿಡಿದು, ಇನ್ನೊಂದು ಕೈಯಿಂದ ಒಂದು ಹರಳು ಆರಿಸಿ ನಾಲಿಗೆಯ ಮೇಲಿಡುತ್ತಿದ್ದರು. ಉಗುಳುವ ಹಾಗಿಲ್ಲ, ಕಡಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಕರಗೋಗಂಟ ಬಾಯಿ ಮುಚ್ಕೊಂಡು ಕೂತ್ಕೊ. ಆಮೇಲೆ ಏನು ಏಳ್ಬೇಕೋ ಏಳು."

ಅಷ್ಟು ಹೇಳಿ ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದರು. ಎದ್ದು ಓಡಿಬಿಡುತ್ತೇನೆ ಅಂತ. ಒಲೆಯ ಮೇಲೆ ಬಸ್ಸಾರು ಕುದಿಯುತ್ತಿರಲಿ, ನಲ್ಲಿಯಲ್ಲಿ ನೀರು ಬಂದಿರಲಿ, ಹರಳು ಕರಗುವ ತನಕ ಅವರೂ ಏಳುತ್ತಿರಲಿಲ್ಲ. ಕರಗುವಷ್ಟರಲ್ಲಿ ನಾನು ಏನು ಹೇಳಬೇಕೆಂದಿದ್ದೆನೋ ಅದು ನನಗೇ ಮರೆತು ಹೋಗಿರುತ್ತಿತ್ತು. ಅಜ್ಜಿಗೆ ಬೇಕಾಗಿದ್ದದ್ದೂ ಅದೇ.

ಕರುಣಳಿಗೆ ಮಾತ್ರ ಒಂದು ಸಲವೂ ಉಪ್ಪು ಬಿದ್ದಿರಲಿಲ್ಲ. ಅವಳು ಬೆಕ್ಕನ್ನು ಓಡಿಸುವಾಗಲೂ "ಹೋಗಮ್ಮ" ಅನ್ನುವವಳು. ಅಜ್ಜಿ ಅವಳ ತಲೆ ಬಾಚುತ್ತಾ, ಬಂದವರಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದರು:

"ನಮ್ ಕರುಣನ ಬಾಯಿ ಬಂಗಾರ ಕಣಮ್ಮ. ಶಾಂತೀದು ಕೇಳ್ಬೇಡ."

ನನಗೆ ಹೊಸ ಲಂಗ ಬೇಡ, ಕ್ರಿಸ್ಮಸ್ಸಿಗೆ ಜಾಸ್ತಿ ಕಜ್ಜಾಯ ಬೇಡ. ಅಜ್ಜಿ ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, ಶಾಂತಿಯ ಬಾಯಿ ಬಂಗಾರ ಅನ್ನಬೇಕು. ಇಡೀ ಬಾಲ್ಯದಲ್ಲಿ ನಾನು ನಿಜವಾಗಿ ಆಸೆಪಟ್ಟದ್ದು ಅದೊಂದಕ್ಕೇ.

ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಎಲ್ಲರೂ ಸರದಿಯ ಮೇಲೆ ಬಾಯಿಬಿಟ್ಟು ಪ್ರಾರ್ಥನೆ ಮಾಡಬೇಕಿತ್ತು. ಅಲ್ಲಿಯೂ ಕರುಣಳದೇ ಮೇಲುಗೈ. "ಸ್ವಾಮಿ, ಅಕ್ಕಂಗೆ ಕೆಮ್ಮು ವಾಸಿ ಮಾಡಪ್ಪ" ಅಂತ ಅವಳು ಸಣ್ಣ ದನಿಯಲ್ಲಿ ಬೇಡಿದರೆ ಅಜ್ಜಿಯ ಕಣ್ಣಲ್ಲಿ ನೀರು. ಕೆಮ್ಮಿ ಕೆಮ್ಮಿ ಸಾಯುತ್ತಿದ್ದವಳು ನಾನು, ಮೆಚ್ಚುಗೆ ಅವಳಿಗೆ! ಆದರೆ ಪ್ರಾರ್ಥನೆಯಲ್ಲಿ ಒಂದು ಅನುಕೂಲವಿದೆ ಅಂತ ನಾನೂ ಕಂಡುಕೊಂಡಿದ್ದೆ. ಎಲ್ಲರೂ ಕಣ್ಣು ಮುಚ್ಚಿರುತ್ತಾರೆ, ದೇವರ ಜೊತೆ ಮಾತಾಡುತ್ತಿರುವವರನ್ನು ಯಾರೂ ನಡುವೆ ತಡೆಯುವ ಹಾಗಿಲ್ಲ. ಹಾಗಾಗಿ ನನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದೆ:

"ಪರಲೋಕದ ತಂದೆಯೇ, ನನ್ನ ತಂಗಿ ನನ್ನ ಪಾಲಿನ ಕೊಬ್ಬರಿ ಮಿಠಾಯಿ ತಿಂದು ತಿಂದಿಲ್ಲ ಅಂದಳಲ್ಲ, ಅವಳನ್ನು ದಯವಿಟ್ಟು ಕ್ಷಮಿಸು. ಅಮ್ಮ ಅವಳಿಗೇ ದೊಡ್ಡ ಲೋಟದಲ್ಲಿ ಹಾಲು ಕೊಡುತ್ತಾಳಲ್ಲ, ಅಮ್ಮನನ್ನೂ ಕ್ಷಮಿಸು. ಆಮೆನ್."

ಅಪ್ಪನ ಭುಜ ಅಲುಗಾಡುತ್ತಿತ್ತು, ನಗು ತಡೆಯಲಾರದೆ. ಅಜ್ಜಿ ಆಮೆನ್ ಮುಗಿಯುವುದನ್ನೇ ಕಾಯುತ್ತಿದ್ದರು.

"ದೇವ್ರ ಅತ್ರಾನೂ ಚಾಡಿಯೇನೇ? ಬಾ, ನಾಲ್ಗೆ ಚಾಚು."

ಇವೆಲ್ಲ ಮಾಮೂಲು ಉಪ್ಪು. ಇವಕ್ಕಿಂತ ಬೇರೆಯಾದ ಒಂದು ದಿನ ಇತ್ತು. ವಠಾರದ ನಲ್ಲಿಯ ಹತ್ತಿರ ಬಿಂದಿಗೆ ಜಗಳದಲ್ಲಿ ಹೆಂಗಸರು ಆಡುವ ಮಾತೊಂದನ್ನು ನಾನು ಕಲಿತು ಬಂದಿದ್ದೆ. ಅರ್ಥ ಗೊತ್ತಿರಲಿಲ್ಲ, ಬಾಯಿ ತುಂಬ ಬರುತ್ತಿತ್ತು, ಅಷ್ಟೇ. ಕರುಣ ನನ್ನ ಸ್ಲೇಟು ತುಳಿದಾಗ ಅದನ್ನೇ ಎಸೆದೆ: "ಮುಂಡೇದೆ!" ಅಡುಗೆಮನೆಯಲ್ಲಿ ರಾಗಿ ಜರಡಿ ಹಿಡಿಯುತ್ತಿದ್ದ ಅಜ್ಜಿಯ ಕೈ ನಿಂತುಹೋಯಿತು. ಜಾಡಿ ಬಂತು, ಹರಳೂ ಬಂತು. ಆದರೆ ಅವತ್ತು ಅವರು ಊಟಕ್ಕೂ ಏಳದೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಯಾಕೆ ಅಂತ ಹೇಳಿದ್ದು ಅಮ್ಮ, ಹಿತ್ತಿಲಲ್ಲಿ ನನ್ನ ಕಾಲು ತೊಳೆಯುತ್ತಾ. ಅಜ್ಜಿಯ ಗಂಡ ತೀರಿಕೊಂಡಾಗ ಅಪ್ಪ ಇನ್ನೂ ಮೊಲೆ ಕುಡಿಯುವ ಕೂಸು. ಇಲವಾಲದ ಹತ್ತಿರದ ಗಂಡನ ಮನೆಯಲ್ಲಿ ಆಮೇಲೆ ಯಾರೂ ಅಜ್ಜಿಯನ್ನು ಹೆಸರು ಹಿಡಿದು ಕರೆಯಲಿಲ್ಲವಂತೆ.

"ಊಟಕ್ಕೆ ಕರ್ಯೋದೂ ಅದೇ ಮಾತು, ನೀರು ತಾ ಅನ್ನೋದೂ ಅದೇ ಮಾತು ಕಣೆ. ಭಾನುವಾರ ಸಭೇಲಿ ಕೀರ್ತನೆ ಹಾಡಿ ಬಂದ ಬಾಯಲ್ಲೇ ಅವ್ರತ್ತೆ ಇವರ್ನ ಮುಂಡೇದು ಅಂತಿದ್ರಂತೆ. ಅದು ತಡೀಲಾರ್ದೆ ತಾನೇ ಕೂಸ್ನ ಎತ್ಕೊಂಡು ಮೈಸೂರಿಗೆ ಬಂದಿದ್ದು. ಇನ್ನೊಂದ್ಸಲ ಆ ಮಾತು ನಿನ್ ಬಾಯಲ್ಲಿ ಬಂದ್ರೆ ಉಪ್ಪಲ್ಲ, ನಾನೇ ಮೆಣಸಿನಪುಡಿ ಹಾಕ್ತೀನಿ."

ಆ ಮಾತನ್ನು ನಾನು ಮತ್ತೆ ಆಡಲಿಲ್ಲ. ಉಳಿದವನ್ನು ಬಿಡಲಿಲ್ಲ.

ನಮ್ಮ ಚರ್ಚಿಗೆ ಹೊಸದಾಗಿ ಬಂದ ಸಭಾಪಾಲಕರನ್ನು ಅಪ್ಪ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಊಟಕ್ಕೆ ಕರೆತಂದರು. ಕೋಳಿ ಸಾರು, ಮುದ್ದೆ. ಅಮ್ಮ ಬಡಿಸುತ್ತಿದ್ದಾಗ ನನಗೆ ಅಂತ ಬೆಳಗ್ಗೆಯೇ ಮಾತಾಗಿದ್ದ ತೊಡೆಯ ತುಂಡು ಸೀದಾ ಸಭಾಪಾಲಕರ ತಟ್ಟೆಗೆ ಹೋಯಿತು. ನಾನು ಸುಮ್ಮನಿರಬೇಕಿತ್ತು.

"ಅಯ್ಯನೋರೆ, ಅದು ನಂದು. ನೀವು ರೆಕ್ಕೆ ತಗೊಳ್ಳಿ."

ಅಮ್ಮನ ಮುಖ ಕೆಂಪಾಯಿತು. ಅಜ್ಜಿ ಎದ್ದು ಹೋಗಿ ಜಾಡಿ ತಂದರು, ಅತಿಥಿಗಳ ಎದುರಿಗೇ ನನ್ನ ಗಲ್ಲ ಹಿಡಿದರು. ಇದೇನು ಅಂತ ಸಭಾಪಾಲಕರು ಕೇಳಿದರು. ಅಪ್ಪ ನಗುತ್ತಾ ವಿವರಿಸಿದ ಮೇಲೆ ಅವರೂ ನಕ್ಕರು.

"ಅಜ್ಜಿ, ಆ ವಾಕ್ಯದ ಅರ್ಥ ಹಾಗಲ್ಲ. ಉಪ್ಪು ಅಂದ್ರೆ ಅಲ್ಲಿ ಶಿಕ್ಷೆ ಅಲ್ಲ, ರುಚಿ. ಕೇಳೋರಿಗೆ ಹಿತವಾಗಿ, ಸಪ್ಪೆ ಆಗದ ಹಾಗೆ ಮಾತಾಡಬೇಕು ಅಂತ."

"ರುಚಿ ನಿಮ್ಮಂಥೋರ ನಾಲ್ಗೆಗೆ ಅಯ್ಯನೋರೆ. ಇದರ ನಾಲ್ಗೆಗೆ ಮದ್ದು. ಇಗೊ ನೋಡಿ, ಇವಳು ಚಿಕ್ಕೋಳು. ಒಂದ್ ದಿನ ಉಪ್ಪು ಇಕ್ಕಿದ್ದಿಲ್ಲ. ಬಂಗಾರದಂಥ ಬಾಯಿ."

"ಹಾಗಾದ್ರೆ ಸುಗ್ಗಿ ಹಬ್ಬದ ದಿನ ಸಭೇಲಿ ಈ ಮಗುನೇ ಪ್ರಾರ್ಥನೆ ಮಾಡ್ಲಿ," ಅಂದರು ಸಭಾಪಾಲಕರು, ನನ್ನ ಕೋಳಿ ತೊಡೆ ಕಚ್ಚುತ್ತಾ.

ನನ್ನ ಬಾಯಲ್ಲಿ ಉಪ್ಪು. ಒಂದು ಮಾತು ಆಡುವ ಹಾಗಿಲ್ಲ. ಕಣ್ಣಲ್ಲಿ ನೀರು ಧಾರಾಕಾರ, ಅದೂ ಉಪ್ಪೇ. ಕರುಣ ತಲೆ ತಗ್ಗಿಸಿ ಕೂತಿದ್ದಳು. ಅವಳ ಆ ತಗ್ಗಿಸಿದ ತಲೆ ನೋಡಿದರೆ ನನಗೆ ಇನ್ನೂ ಉರಿಯಿತು. ಹೆಮ್ಮೆಯನ್ನಾದರೂ ತೋರಿಸಬಾರದೇ! ಅದರಲ್ಲಾದರೂ ಒಂದು ತಪ್ಪು ಹಿಡಿಯುತ್ತಿದ್ದೆ.

ಅವತ್ತಿನಿಂದ ನಾನು ಬಾಯಿಗೆ ಬೀಗ ಹಾಕಿದೆ. ಭಕ್ತಿಯಿಂದ ಅಂತ ಯಾರೂ ತಿಳಿಯಬೇಡಿ, ಅಪ್ಪಟ ಹೊಟ್ಟೆಕಿಚ್ಚಿನಿಂದ. ಕರುಣಳಿಗೆ ಸಿಕ್ಕಿದ್ದು ನನಗೂ ಸಿಗಬೇಕು, ಅಷ್ಟೇ. ಅವಳು ನನ್ನ ಜಡೆಯ ರಿಬ್ಬನ್ ಕಟ್ಟಿಕೊಂಡರೂ ತುಟಿಪಿಟಕ್ಕೆನ್ನಲಿಲ್ಲ. ಮಾತು ಗಂಟಲವರೆಗೆ ಬಂದರೆ ಹಿತ್ತಿಲಿಗೆ ಹೋಗಿ ತೊಟ್ಟಿಯ ನೀರಿಗೆ ಮುಖ ಅದ್ದಿ ಒಳಗೇ ಬೈದು ಬರುತ್ತಿದ್ದೆ. ಪ್ರಾರ್ಥನೆಯಲ್ಲಿ ಹಾಲಿನವನ ಹಸುವಿಗೆ ಆಶೀರ್ವಾದ ಬೇಡಿದೆ. ಅಪ್ಪ ಒಂದು ಕಣ್ಣು ತೆರೆದು ನೋಡಿದರು. ಅಜ್ಜಿ ಹಣೆ ಮುಟ್ಟಿ ನೋಡಿದರು.

"ಯಾಕೆ ಮಗ, ಮೈಲಿ ಉಸಾರಿಲ್ವ?"

ಆ ವಾರ ಜಾಡಿ ಗೂಡು ಬಿಟ್ಟು ಇಳಿಯಲಿಲ್ಲ. ಶನಿವಾರ ಬೆಳಗ್ಗೆ ಅಜ್ಜಿ, ನಾನು ನಡುಮನೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಸಿಪ್ಪೆಯಿಂದ ಚಿಮ್ಮಿಸುವ ಕೆಲಸ. ಅಜ್ಜಿ ನನ್ನ ಕಡೆ ನೋಡದೆಯೇ ಹೇಳಿದರು:

"ನಾಳೆ ಒಂದಿನ ಇಂಗೇ ಇದ್ಬುಡು ಶಾಂತಿ. ಸಭೆ ಮುಗುದ್ಮೇಲೆ ಅಯ್ಯನೋರ ಮುಂದೆ, ಎಲ್ಲಾರ ಮುಂದೆ ಏಳ್ತೀನಿ, ದೊಡ್ಡೋಳ ಬಾಯೂ..."

ಅಷ್ಟರಲ್ಲಿ ಅವರ ಬಲಗೈಯಿಂದ ಕಾಳು ಜಾರಿತು. ಎತ್ತಿಕೊಳ್ಳಲು ಹೋದ ಕೈ ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ನಾನು, ದೇವರೇ, ಆ ಮಾತು ಮುಗಿಯಲಿ ಅಂತ ಬಾಯಿ ನೋಡುತ್ತಲೇ ಕೂತಿದ್ದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದು ನೋಡಿ, "ಲಕ್ವ ಕಣ್ರೀ!" ಅಂತ ಅಪ್ಪನಿಗೆ ಕೂಗಿದರು.

ಆಸ್ಪತ್ರೆಯಿಂದ ವಾಪಸು ಬಂದ ಅಜ್ಜಿಗೆ ಬಲಗಡೆ ಸ್ವಾಧೀನ ಇರಲಿಲ್ಲ, ಮಾತು ನಿಂತಿತ್ತು. ಬುದ್ಧಿ ಮಾತ್ರ ಮೊದಲಿನಂತೆಯೇ ಇತ್ತು, ಎಲ್ಲವನ್ನೂ ನೋಡುತ್ತಿದ್ದರು, ಎಲ್ಲ ಅರ್ಥವಾಗುತ್ತಿತ್ತು. ಒಂದು ಬೆಳಗ್ಗೆ ಅಮ್ಮ ಗಂಜಿ ಕುಡಿಸುತ್ತಿದ್ದಾಗ ಅಜ್ಜಿಯ ಬಾಯಿಂದ ಒಂದು ಮಾತು ಸ್ಪಷ್ಟವಾಗಿ ಹೊರಬಿತ್ತು.

"ಮುಂಡೇದೆ."

ಅಮ್ಮನ ಕೈಯ ಚಮಚ ಹಾಗೇ ನಿಂತಿತು. ಎಲ್ಲರಿಗಿಂತ ಗಾಬರಿಯಾದವರು ಅಜ್ಜಿ. ಅವರು ಹೇಳಹೊರಟದ್ದು ಬೇರೆ ಏನೋ, ನೀರೋ, ಸಾಕೋ. ಮತ್ತೆ ಪ್ರಯತ್ನಿಸಿದರು. ಮತ್ತೆ ಅದೇ. ಜೀವಮಾನವೆಲ್ಲ ನಾಲಿಗೆಗೆ ಕಾವಲು ಕೂತವರಿಗೆ, ಎಲ್ಲ ಮಾತು ಕಳೆದುಹೋಗಿ, ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಪ್ರಾರ್ಥನೆ ಹೋಗಿತ್ತು, ಕೀರ್ತನೆ ಹೋಗಿತ್ತು, ನಮ್ಮ ಹೆಸರುಗಳೂ ಹೋಗಿದ್ದವು.

"ನಾವು ಕಲ್ತಿದ್ದೆಲ್ಲ ಹೋಗುತ್ತಂತೆ. ಒಳಗೆ ನಾಟಿದ್ದು ಹೋಗಲ್ವಂತೆ," ಅಂತ ಅಮ್ಮ ಅಪ್ಪನಿಗೆ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸಭೆಯವರು ನೋಡಲು ಬಂದಾಗ ನಮಗೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಸಭಾಪಾಲಕರು ಮಂಚದ ಪಕ್ಕ ನಿಂತು ಉದ್ದವಾಗಿ ಪ್ರಾರ್ಥನೆ ಮಾಡಿದರು. ಅವರು ಮುಗಿಸುತ್ತಿದ್ದಂತೆ ಆಮೆನ್ ಅನ್ನಲು ಅಜ್ಜಿ ಎಡಗೈ ಎತ್ತಿದರು. "ಮುಂಡೇದೆ" ಅಂದರು, ಭಕ್ತಿಯಿಂದ. ಅಪ್ಪ ನೆಲ ನೋಡಿದರು. ಸಭಾಪಾಲಕರು ಕಣ್ಣು ತೆರೆದು, ಅಜ್ಜಿಯ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡು, "ಆಮೆನ್ ಅಜ್ಜಿ" ಅಂದರು. ಅವರು ನನ್ನ ಕೋಳಿ ತೊಡೆ ತಿಂದದ್ದನ್ನು ನಾನು ಮಾಫಿ ಮಾಡಿದ್ದು ಅವತ್ತೇ.

ದಿನ ಕಳೆದಂತೆ ಆ ಒಂದೇ ಮಾತಿನಲ್ಲಿ ಅಜ್ಜಿ ಎಲ್ಲವನ್ನೂ ಹೇಳತೊಡಗಿದರು. ಎಳೆದು ಹೇಳಿದರೆ ನೀರು ಬೇಕು. ಕಟುವಾಗಿ ಹೇಳಿದರೆ ಕಿಟಕಿ ಮುಚ್ಚು. ಇವೆಲ್ಲ ಮನೆಯವರಿಗೆ ಬೇಗ ಗೊತ್ತಾದವು. ನನಗೆ ಬೇಕಾದದ್ದು ಬೇರೆ. ಯಾರಿಗೆ ಹೇಗೆ ಹೇಳುತ್ತಾರೆ ಅಂತ ಕಿವಿ ಚೂಪು ಮಾಡಿಕೊಂಡು ಕೇಳುತ್ತಿದ್ದೆ. ಕರುಣ ಹೋದರೆ "ಮುಂಡೇದೆ" ಮೆತ್ತಗೆ ಬರುತ್ತಿತ್ತು, ಹಾಲು ಉಕ್ಕುವ ಮುಂಚೆ ಸದ್ದು ಮಾಡುವ ಹಾಗೆ. ನಾನು ಹೋದರೆ? ಅದೇ ಮೆತ್ತಗೆಯೋ, ಸ್ವಲ್ಪ ಒರಟೋ? ರಾತ್ರಿ ಚಾಪೆಯ ಮೇಲೆ ಅದನ್ನೇ ಅಳೆಯುತ್ತಾ ಮಲಗುತ್ತಿದ್ದೆ. ಲೋಕದಲ್ಲಿ ಬೈಗುಳಕ್ಕೆ ಹೊಟ್ಟೆಕಿಚ್ಚುಪಟ್ಟ ಹುಡುಗಿ ನಾನೊಬ್ಬಳೇ ಇರಬೇಕು. ನಾಲಿಗೆಯನ್ನು ಮಾತ್ರ ಬಿಗಿಹಿಡಿದೇ ಇದ್ದೆ. ಮಾತು ವಾಪಸು ಬಂದರೂ ಬರಬಹುದು ಅಂತ ಡಾಕ್ಟರು ಹೇಳಿದ್ದರಲ್ಲ; ಬಂದರೆ ಅಜ್ಜಿ ಶನಿವಾರ ಅರ್ಧಕ್ಕೆ ನಿಂತ ಆ ವಾಕ್ಯವನ್ನು ಮುಗಿಸಲೇಬೇಕು. ಸುಗ್ಗಿ ಹಬ್ಬದ ದಿನ ಕರುಣ ಸಭೆಯಲ್ಲಿ ಪ್ರಾರ್ಥನೆ ಮಾಡಿ ಎಲ್ಲರನ್ನೂ ಅಳಿಸಿದಳು. ಆಗಲೂ ನಾನು ಏನೂ ಅನ್ನಲಿಲ್ಲ.

ಅಜ್ಜಿ ದಿನವೂ ಅಡುಗೆಮನೆಯ ಗೂಡಿನ ಕಡೆ ಎಡಗೈ ತೋರಿಸಿ ಮುಂಡೇದೆ ಮುಂಡೇದೆ ಅಂತಿದ್ದರು. ಕೊನೆಗೆ ಅಮ್ಮನಿಗೆ ಹೊಳೆದು, ಉಪ್ಪಿನ ಜಾಡಿ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು. ಅಜ್ಜಿ ಸುಮ್ಮನಾದರು. ಅದರ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ಅದನ್ನು ತೆರೆಯುವ ಕೆಲಸ ಮಾತ್ರ ಬಿದ್ದಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಬೂದಿ ಹಚ್ಚಿ ಮುದ್ದೆ ಪಾತ್ರೆ ತಿಕ್ಕುತ್ತಿದ್ದೆ. ಕರುಣ ಅಜ್ಜಿಯ ಮಂಚದ ಹತ್ತಿರ ಹೋಗಿ ನಿಂತದ್ದು ಬಾಗಿಲಿಂದ ಕಾಣಿಸಿತು. ಸುಮಾರು ಹೊತ್ತು ಲಂಗದ ಅಂಚು ಹಿಂಡುತ್ತಾ ನಿಂತಿದ್ದಳು. ಆಮೇಲೆ ಅಜ್ಜಿಯ ಮುಖ ನೋಡಿ, ಸಣ್ಣ ದನಿಯಲ್ಲಿ, ಆ ಬಂಗಾರದ ಬಾಯಲ್ಲಿ ಅಂದಳು:

"ಮುಂಡೇದೆ."

ನನ್ನ ಕೈಯಿಂದ ಪಾತ್ರೆ ಜಾರಿತು. ಅಜ್ಜಿ ಕಣ್ಣು ಅಗಲ ಮಾಡಿ ನೋಡಿದರು. ಕರುಣ ಮಂಡಿಯೂರಿ ಮಂಚದ ಅಂಚಿಗೆ ಗಲ್ಲ ಊರಿದಳು, ನಾಲಿಗೆ ಚಾಚಿದಳು. ಅಜ್ಜಿ ಎಡಗೈಯಲ್ಲಿ ಮುಚ್ಚಳ ಸರಿಸಿ, ತಡವರಿಸಿ, ನಾಲ್ಕು ಹರಳು ಕೆಳಗೆ ಚೆಲ್ಲಿ, ಒಂದನ್ನು ಹಿಡಿದು ಅವಳ ನಾಲಿಗೆಯ ಮೇಲಿಟ್ಟರು. ಆಮೇಲೆ ಅವಳ ಮಣಿಕಟ್ಟು ಹಿಡಿದುಕೊಂಡರು. ಕರಗುವವರೆಗೂ ಬಿಡಲಿಲ್ಲ. ಕರುಣ ಅಳುತ್ತಿದ್ದಳು, ಆದರೆ ಅಂಥ ಸುಖದ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. ಯಾಕೆ ಹಾಗೆ ಮಾಡಿದೆ ಅಂತ ಅವತ್ತು ಸಂಜೆ ಹಿತ್ತಿಲಲ್ಲಿ ಅವಳ ರಟ್ಟೆ ಹಿಡಿದು ಕೇಳಿದೆ.

"ನಿನ್ ಕೈ ಇಡ್ಕೊಂಡು ಎಷ್ಟೊತ್ತು ಕೂತಿರ್ತಿದ್ರು ಅಕ್ಕಾ. ಸಾರು ಸೀದ್ರೂ ಏಳ್ತಿರ್ಲಿಲ್ಲ. ನನ್ ಹತ್ರ ಒಂದ್ಸಲಾನೂ ಕೂತಿರ್ಲಿಲ್ಲ. ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

ಅವಳಿಗೆ, ನನ್ನ ಮೇಲೆ! ಉಪ್ಪಿಗೆ! ಆದರೆ ಇದು ಸಂಜೆಯ ಮಾತು. ಮಧ್ಯಾಹ್ನ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ನನಗೆ ತಿಳಿದಿದ್ದು ಒಂದೇ: ಆ ಹರಳು ನನ್ನದು, ಆ ಕೈ ನನ್ನದು, ಇದ್ದದ್ದರಲ್ಲಿ ನನಗೆ ಅಂತ ಇದ್ದದ್ದು ಅದೊಂದೇ, ಅದನ್ನೂ ಇವಳು ಕಸಿದುಕೊಂಡಳು. ಬೂದಿ ಕೈಯಲ್ಲೇ ಓಡಿಹೋಗಿ ಕರುಣಳನ್ನು ಆಚೆ ತಳ್ಳಿ, ವಾರಗಟ್ಟಲೆ ಬಿಗಿಹಿಡಿದಿದ್ದ ಬಾಯಿ ಬಿಟ್ಟು ವಠಾರಕ್ಕೆಲ್ಲ ಕೇಳಿಸುವ ಹಾಗೆ ಕೂಗಿದೆ.

"ಮುಂಡೇದೆ! ಮುಂಡೇದೆ! ನಂಗೂ ಇಕ್ಕಿ!"

ನಾಲಿಗೆ ಚಾಚಿ ನಿಂತೆ. ಅಜ್ಜಿಯ ಎಡಗೈ ಜಾಡಿಯ ಹತ್ತಿರ ಹೋಯಿತು. ಮುಚ್ಚಳ ಎತ್ತಿಕೊಂಡು, ಜಾಡಿಯ ಬಾಯಿಗೆ ಮುಚ್ಚಿಬಿಟ್ಟರು. ಆಮೇಲೆ ಅದೇ ಕೈಯಿಂದ ನನ್ನ ಗಲ್ಲವನ್ನು ಮೇಲಕ್ಕೆ ತಳ್ಳಿ ನನ್ನ ಬಾಯಿಯನ್ನೂ ಮುಚ್ಚಿದರು. ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ತಮ್ಮ ಆ ಒಂದು ಮಾತನ್ನು ಹೇಳಿದರು. ಉಪ್ಪು ಬೇಡ, ಉಪ್ಪು ಬೇಡ ಅಂತ ಅಷ್ಟು ವರ್ಷ ಪ್ರಾರ್ಥನೆ ಮಾಡಿದವಳು ನಾನು. ಉಪ್ಪು ಸಿಗದ ಅವತ್ತು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ಅಜ್ಜಿಗೆ ಮಾತು ವಾಪಸು ಬರಲಿಲ್ಲ. ಮುಂದಿನ ಮಳೆಗಾಲ ಮುಗಿಯುವ ಮುಂಚೆ ಹೋಗಿಬಿಟ್ಟರು. ಅವರು ಅವತ್ತು ಅದನ್ನು ಯಾವ ದನಿಯಲ್ಲಿ ಹೇಳಿದರು ಅನ್ನುವುದರ ಮೇಲೆ ನನಗೂ ಕರುಣಳಿಗೂ ಇಂದಿಗೂ ಜಗಳವಿದೆ. ಅವಳು ಈಗ ಲಕ್ಷ್ಮೀಪುರಂನಲ್ಲಿದ್ದಾಳೆ. ಭಾನುವಾರ ಸಭೆ ಮುಗಿಸಿ ಅವಳ ಮನೆಗೆ ಊಟಕ್ಕೆ ಹೋಗುತ್ತೇನೆ.

"ಅಕ್ಕಾ, ಅವ್ರು ಹೇಳಿದ್ದು ಬಂಗಾರ ಅಂತಾನೆ. ಬೇರೆ ಮಾತು ಇರ್ಲಿಲ್ಲ ಅವ್ರ ಹತ್ರ, ಏನ್ ಮಾಡ್ತಾರೆ? ಅದಕ್ಕೇ ಉಪ್ಪು ಇಕ್ಕಲಿಲ್ಲ."

"ಹೇಳ್ತೀಯ ಕಣೆ, ನಿಂಗೇನು. ನಿಂಗೆ ಬಂಗಾರ, ಉಪ್ಪು ಎರಡೂ ಸಿಕ್ತು."

ಜಾಡಿಯೂ ಅವಳಿಗೇ ಸಿಕ್ಕಿದೆ. ಅಮ್ಮ ಕೊಟ್ಟದ್ದು, ಅವಳ ಅಡುಗೆಮನೆಯ ಕಟ್ಟೆಯ ಮೇಲಿದೆ, ಮುಚ್ಚಳ ಮಾತ್ರ ಹೊಸದು. ಊಟಕ್ಕೆ ಕೂತಾಗ ಸಾರು ಸಪ್ಪೆ ಅಂತ ಸುಳ್ಳು ಹೇಳಿ ನಾನೇ ಎದ್ದುಹೋಗಿ ಜಾಡಿಗೆ ಕೈಹಾಕುತ್ತೇನೆ. ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡು ಬಂದು ಕೂರುತ್ತೇನೆ. ಅವಳಿಗೆ ಗೊತ್ತಾಗುತ್ತದೆ. ಸೌಟು ಕೆಳಗಿಟ್ಟು, ಏನೂ ಕೇಳದೆ, ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾಳೆ. ಕರಗುವವರೆಗೂ ಇಬ್ಬರೂ ಮಾತಾಡುವುದಿಲ್ಲ. ಅವಳ ಕೈ ಥೇಟ್ ಅಜ್ಜಿಯ ಕೈ. ಅದೂ ಅವಳಿಗೇ ಬಂದಿದೆ ನೋಡಿ.